ಮೊದಲ ಸಾಲಿನ ಯಜಮಾನರು

ಹಾಸನದಲ್ಲಿ ಕೂತು ಸಾಫ್ಟ್‌ವೇರ್ ಬರೆಯುತ್ತೇನೆ ಎಂದರೆ ಜನ ಒಮ್ಮೆ ನನ್ನ ಮುಖ ನೋಡಿ, "ಅಂದ್ರೆ ಜೆರಾಕ್ಸ್ ಅಂಗಡಿನಾ?" ಎಂದು ಕೇಳುತ್ತಾರೆ. ಕೇಳಲಿ ಬಿಡಿ. ನಮ್ಮ ಆಫೀಸು ಇರುವುದೇ ಒಂದು ಕಬ್ಬಿಣದಂಗಡಿಯ ಮಹಡಿಯ ಮೇಲೆ. ಕೆಳಗೆ ಕಂಬಿ ಕತ್ತರಿಸುವ ಮಿಷನ್ನು ಕಿರುಚಿದಾಗೆಲ್ಲ ಮೇಲೆ ನಮ್ಮ ಮೀಟಿಂಗು ನಿಲ್ಲುತ್ತದೆ. ಮೀಟಿಂಗಿನಲ್ಲಿ ಮಾತಾಡುವುದು ನಮ್ಮ ಯಜಮಾನರೊಬ್ಬರೇ ಆದ್ದರಿಂದ ಆ ಮಿಷನ್ನಿನ ಬಗ್ಗೆ ನನಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿದೆ.

ಯಜಮಾನರು ಚನ್ನರಾಯಪಟ್ಟಣದ ಕಡೆಯವರು. ತೆಂಗಿನ ತೋಟ, ಕೊಬ್ಬರಿ ವ್ಯಾಪಾರ, ಸ್ವಂತದ್ದೊಂದು ಕಲ್ಯಾಣ ಮಂಟಪ ಎಲ್ಲ ಇದೆ. ಇಷ್ಟಿದ್ದೂ ಸಾಫ್ಟ್‌ವೇರ್ ಕಂಪನಿ ಯಾಕೆ ಬೇಕಾಯಿತು ಎಂದು ಯಾರಾದರೂ ಕೇಳಿದರೆ, "ತ್ವಾಟ ಎಲ್ಲಾರ್ತಾವೂ ಐತೆ ಕಣಮ್ಮ, ಇದು ಯಾರ್ತಾವೈತೆ ಹೇಳು" ಎನ್ನುತ್ತಾರೆ. ಮನುಷ್ಯ ಕೆಟ್ಟವರಲ್ಲ. ಆದರೆ ಯಾವುದರಲ್ಲೇ ಆಗಲಿ ತಾವು ಮೊದಲಿರಬೇಕು ಎಂಬುದೊಂದು ಚಟ. ಫ್ಲೆಕ್ಸ್ ಬ್ಯಾನರಿನಲ್ಲಿ ಮೊದಲ ಫೋಟೊ ಅವರದು. ಕರೆಯೋಲೆಯಲ್ಲಿ ಸುಖಾಗಮನ ಬಯಸುವವರ ಸಾಲಿನಲ್ಲಿ ಮೊದಲ ಹೆಸರು ಅವರದು, ಮದುವೆ ಯಾರದ್ದಾದರೂ ಸರಿ. ಒಂದು ಗೃಹಪ್ರವೇಶದಲ್ಲಿ ಎರಡನೇ ಎಲೆಗೆ ಕೂರಿಸಿದರು ಎಂದು ಊಟ ಬಿಟ್ಟು ಎದ್ದು ಬಂದದ್ದನ್ನು ಅವರೇ ನಮಗೆಲ್ಲ ಹೇಳಿದ್ದಾರೆ, ಹೆಮ್ಮೆಯಿಂದ.

ನಾನು ಮೊದಲು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಅದನ್ನು ಬಿಟ್ಟು ಫಂಕ್ಷನಲ್ ಪ್ರೋಗ್ರಾಮಿಂಗ್ ಕಲಿತೆ. ಈ ಬಗೆಯ ಬರವಣಿಗೆಯಲ್ಲಿ ಒಂದನ್ನು ಒಮ್ಮೆ ಕಟ್ಟಿಟ್ಟ ಮೇಲೆ ಯಾರೂ ಹಿಂದಿನಿಂದ ಬಂದು ತಿದ್ದುವಂತಿಲ್ಲ. ಡಬ್ಬಿಯ ಮೇಲೆ ಮೆಣಸು ಎಂದು ಬರೆದಿದ್ದರೆ ಒಳಗೆ ಮೆಣಸೇ ಇರಬೇಕು. ಆ ಮೇಲಿನ ಬರಹಕ್ಕೆ ಟೈಪ್ ಎನ್ನುತ್ತಾರೆ. ಪ್ರೋಗ್ರಾಮು ಓಡುವ ಮೊದಲೇ ಎಲ್ಲ ಡಬ್ಬಿಗಳ ಬರಹವನ್ನೂ ಓದಿ, ತಪ್ಪಿದ್ದರೆ ಹಿಡಿದು ನಿಲ್ಲಿಸುವುದಕ್ಕೆ ಕಂಪೈಲರ್ ಎಂಬ ಒಂದು ಕಾವಲು ಇದೆ. ಇಂಥ ಶಿಸ್ತು ನನಗೆ ಮನೆಯಲ್ಲೂ ಸಿಕ್ಕಿರಲಿಲ್ಲ, ಸ್ಟಾಫ್ ರೂಮಿನಲ್ಲೂ ಸಿಕ್ಕಿರಲಿಲ್ಲ. ಹಾಗಾಗಿ ಅದನ್ನು ಸ್ವಲ್ಪ ಜಾಸ್ತಿಯೇ ಹಚ್ಚಿಕೊಂಡೆ.

ನಮಗೆ ಬಂದಿದ್ದ ಕೆಲಸ ಒಂದು ಖಾಸಗಿ ಡೈರಿಯದು. ಹಾಸನ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳಲ್ಲಿ ಅವರಿಗೆ ಹಾಲು ಹಾಕುವವರಿಗೆಲ್ಲ ಒಂದು ಆ್ಯಪ್ ಮಾಡಿಕೊಡಬೇಕು. ಹಸುವಿಗೆ ಹುಷಾರಿಲ್ಲದಾಗ ಗುಂಡಿ ಒತ್ತಿದರೆ ಆ ಹೋಬಳಿಯ ಪಶುವೈದ್ಯರಿಗೆ ಸುದ್ದಿ ಹೋಗಬೇಕು, ವೈದ್ಯರು ಹೊರಡಬೇಕು. ಹೇಳುವುದಕ್ಕೆ ಇಷ್ಟೇ.

ಹಾಲು ಹಾಕುವವರಲ್ಲಿ ನನ್ನ ಚಿಕ್ಕಮ್ಮನೂ ಒಬ್ಬಳು. ಅಮ್ಮನ ತಂಗಿ, ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಲ್ಲಿ ಇದ್ದಾಳೆ. ಅವಳ ಕೊಟ್ಟಿಗೆಯಲ್ಲಿ ಒಂದು ಕೆಂದ ಕಡಸು ಇತ್ತು. ಹುಟ್ಟಿದ ದಿನದಿಂದ ಅವಳೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಅದು ಅವಳ ಹಿಂದೆ ಹಿಂದೆ ಅಡುಗೆಮನೆಯ ಹೊಸ್ತಿಲವರೆಗೂ ಬರುತ್ತಿತ್ತು. ಆ ವರ್ಷ ಅದು ಚೊಚ್ಚಲ ಗಬ್ಬ. ಹಳೇ ಹಸುವಿನ ಹಾಲು ಬತ್ತಿದ್ದರಿಂದ ಮನೆಯವರೆಲ್ಲರ ಕಣ್ಣೂ ಇದರ ಮೇಲೆಯೇ. ಚಿಕ್ಕಮ್ಮನಿಗೆ ಮಾತ್ರ ಹಾಲಿಗಿಂತ ಹೆಚ್ಚಾಗಿ ಹಸುವಿನದೇ ಯೋಚನೆ.

"ಇದೇ ತಿಂಗ್ಳು ಕಣಮ್ಮಿ," ಎಂದಳು ಫೋನಿನಲ್ಲಿ. "ಚೊಚ್ಚಲು. ಸೊಂಟ ಸಣ್ಣ ಐತೆ. ನಂಗ್ಯಾಕೋ ಎದ್ರಿಕೆ. ನಿಮ್ಮ ಫೋನ್ ಒತ್ತಿದ್ರೆ ಡಾಕ್ಟ್ರು ಬತ್ತಾರಂತಲ್ಲ, ದಿಟವಾ?"

"ಬತ್ತಾರೆ ಚಿಕ್ಕಮ್ಮ," ಎಂದೆ.

ಈಗ ಸ್ವಲ್ಪ ಪಟ್ಟಿಯ ವಿಚಾರ ಹೇಳಬೇಕು. ಗುಂಡಿ ಒತ್ತಿದ ಕೂಡಲೇ ಪ್ರೋಗ್ರಾಮು ಆ ಹೋಬಳಿಯ ವೈದ್ಯರ ಪಟ್ಟಿ ತೆಗೆದು, "ಮೊದಲನೆಯವರು ಯಾರು?" ಎಂದು ಕೇಳುತ್ತದೆ. ಪಟ್ಟಿಯಲ್ಲಿ ಯಾರೂ ಇಲ್ಲದಿದ್ದರೆ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಪ್ರೋಗ್ರಾಮು ಅಲ್ಲೇ ಕುಸಿದು ಕೂರುತ್ತದೆ. ಅದಕ್ಕೆ ಎಲ್ಲರೂ ಮಾಡುವ ಉಪಾಯವೆಂದರೆ, ಪಟ್ಟಿ ಮುಟ್ಟುವ ಕಡೆಯಲ್ಲೆಲ್ಲ "ಖಾಲಿಯೇ?" ಎಂದು ಕೇಳಿಕೊಂಡು ಮುಂದೆ ಹೋಗುವುದು. ನಮ್ಮಲ್ಲೂ ಹಾಗೇ ಇತ್ತು. ಬಾಗಿಲಲ್ಲಿ ಕೇಳು, ನಡುಮನೆಯಲ್ಲಿ ಕೇಳು, ಹಿತ್ತಿಲಲ್ಲಿ ಕೇಳು. ಯಾರೋ ಪುಣ್ಯಾತ್ಮರು ಒಂದು ಕಡೆ ಕೇಳುವುದನ್ನು ಮರೆತರು. ಅರಕಲಗೂಡಿನ ಕಡೆ ಮಲ್ಲಿಪಟ್ಟಣದಲ್ಲಿ ಟ್ರಯಲ್ ನೋಡುವಾಗ ಇಡೀ ಆ್ಯಪ್ ಎಲ್ಲರ ಎದುರು ಮಕಾಡೆ ಮಲಗಿತು.

ನಾನು ಅದನ್ನೆಲ್ಲ ಕಿತ್ತು ಹೊಸದೊಂದು ಟೈಪ್ ಮಾಡಿದೆ. ಅದರಲ್ಲಿ ಮೊದಲನೆಯದೊಂದು ಕಡ್ಡಾಯ. ಉಳಿದದ್ದು ಇದ್ದರೂ ಆಯಿತು, ಬಿಟ್ಟರೂ ಆಯಿತು. ಇಂಥ ಪಟ್ಟಿಗೆ ಖಾಲಿಯಾಗಿರಲು ಬರುವುದೇ ಇಲ್ಲ. ತುಂಬಿದ ಪಟ್ಟಿ ಎಂದು ಅದಕ್ಕೆ ಹೆಸರಿಟ್ಟೆ. ಬಾಗಿಲಲ್ಲಿ ಒಂದೇ ಸಲ ನೋಡಿ ಒಳಗೆ ಬಿಟ್ಟುಕೊಂಡರೆ ಮತ್ತೆ ಯಾರೂ ಎಲ್ಲೂ "ಖಾಲಿಯೇ?" ಎಂದು ಕೇಳಬೇಕಾಗಿಲ್ಲ. ಆದರೆ ಅದನ್ನು ಹೇಗೆ ಬಳಸಬೇಕು ಎಂಬುದಕ್ಕೂ ಒಂದು ಲೆಕ್ಕಾಚಾರ ಇದೆ. ಒಂದು ಬಟ್ಟಲು ಅವರೆಕಾಳನ್ನು ಒಂದೊಂದಾಗಿ ಹಿಚುಕಿಟ್ಟರೆ ಕಾಳು ಮೊದಲೆಷ್ಟಿತ್ತೋ ಅಷ್ಟೇ ಇರುತ್ತದೆ. ಹುಳುಕು ಆರಿಸಿ ಬಿಸಾಡಲು ಕೂತರೆ ಬಟ್ಟಲು ಖಾಲಿಯಾದರೂ ಆಗಬಹುದು. ತುಂಬಿದ ಪಟ್ಟಿಯೂ ಹಾಗೆಯೇ. ಅದರಿಂದ ರಜೆಯಲ್ಲಿರುವ ವೈದ್ಯರನ್ನು ಆರಿಸಿ ತೆಗೆದ ಮೇಲೆ ಉಳಿದದ್ದನ್ನು ತುಂಬಿದ್ದು ಎಂದು ಕರೆಯಲು ಕಂಪೈಲರ್ ಬಿಡುವುದಿಲ್ಲ.

ಆದ್ದರಿಂದ ಎರಡು ದಾರಿ ಇಟ್ಟೆ. ವೈದ್ಯರಿದ್ದರೆ ತುಂಬಿದ ಪಟ್ಟಿ, ಮೊದಲನೆಯವರಿಗೆ ಸುದ್ದಿ. ಇಲ್ಲದಿದ್ದರೆ ಹಸುವಿನವರ ಫೋನಿನಲ್ಲಿ, "ನಿಮ್ಮ ಹೋಬಳಿಯಲ್ಲಿ ಈಗ ವೈದ್ಯರಿಲ್ಲ, ತಾಲ್ಲೂಕು ಪಶು ಆಸ್ಪತ್ರೆಗೆ ಫೋನ್ ಮಾಡಿ" ಎಂಬ ಸಾಲು, ಜೊತೆಗೆ ಆಸ್ಪತ್ರೆಯ ನಂಬರು. ಇದನ್ನು ಮೀಟಿಂಗಿನಲ್ಲಿ ತೋರಿಸಿದೆ. ಅವತ್ತು ನನ್ನ ದುರದೃಷ್ಟಕ್ಕೆ ಕೆಳಗೆ ಯಾರೂ ಕಂಬಿ ಕೊಳ್ಳಲು ಬರಲಿಲ್ಲ.

"ಇಲ್ಲ ಅಂತ ಯಾಕಮ್ಮಾ ಬರ್ದಿದೀಯಾ?" ಎಂದರು ಯಜಮಾನರು.

"ವೈದ್ಯರು ಇಲ್ಲದಿದ್ರೆ ಇಲ್ಲ ಅಂತಾನೇ ಬರೀಬೇಕಲ್ಲ ಸಾರ್."

"ನಿಮ್ಮನೇಲಿ ಅಕ್ಕಿ ಮುಗುದ್ರೆ ಇಲ್ಲ ಅಂತೀರಾ? ತುಂಬೈತೆ ಅಂತೀರೋ ಇಲ್ವೋ?"

ಅನ್ನುತ್ತೇವೆ, ನಿಜ. ನಮ್ಮ ಸೀಮೆಯಲ್ಲಿ ಡಬ್ಬಿಯ ತಳ ಕಂಡಾಗಲೇ ಅಕ್ಕಿ ತುಂಬಿದೆ ಎನ್ನುವುದು. ಪಕ್ಕದ ಮನೆಯಿಂದ ಸಾರು ಬಂದ ಬಟ್ಟಲನ್ನು ಬರಿದಾಗಿ ವಾಪಸು ಕೊಡುವುದಿಲ್ಲ, ಒಂದು ಚೂರು ಬೆಲ್ಲವಾದರೂ ಹಾಕಿ ಕೊಡುತ್ತೇವೆ. ಕಣದಲ್ಲಿ ರಾಗಿ ಅಳೆಯುವಾಗ ಮೊದಲನೆಯದನ್ನು ಒಂದು ಎನ್ನುವುದಿಲ್ಲ, ಲಾಭ ಎಂದು ಶುರು ಮಾಡಿ ಆಮೇಲೆ ಎರಡಕ್ಕೆ ಬರುತ್ತೇವೆ. ನನಗೆ ಇದರಲ್ಲಿ ಯಾವುದರ ಮೇಲೂ ಸಿಟ್ಟಿಲ್ಲ. ಆದರೆ ಬಟ್ಟಲಿಗೆ ಬೆಲ್ಲ ಹಾಕಿದವರು ಅದನ್ನು ಸಾರು ಎಂದು ಹೇಳಿ ಕೊಟ್ಟದ್ದನ್ನು ನಾನು ಕಾಣೆ.

ಇಷ್ಟನ್ನೂ ಸಮಾಧಾನವಾಗಿಯೇ ಹೇಳಿದೆ. ಯಜಮಾನರು ಕೈಯೆತ್ತಿ ತಡೆದರು. "ತುಂಬಿದ ಪಟ್ಟಿ ಅಂದ್ಯಲ್ಲ, ಅದು ಬೋ ಚೆಂದಾಗೈತೆ. ಅದನ್ನ ಇಟ್ಕೊ. ಆ ಇಲ್ಲ ಅನ್ನೋದನ್ನ ತೆಗ್ದಾಕು. ಶುಭವಾಗಿ ಒಂದು ಕೆಲ್ಸ ಮಾಡ್ತಿರೋವಾಗ ಇಲ್ಲ ಗಿಲ್ಲ ಅನ್ಬಾರ್ದು."

"ಹಾಗಾದ್ರೆ ವೈದ್ಯರೇ ಇಲ್ಲದ ಹೋಬಳಿಗೆ ಏನ್ಮಾಡೋದು ಸಾರ್?"

"ಅಂಗೆಲ್ಲ ಇರಾಕಿಲ್ಲ ಕಣಮ್ಮ. ಯಾರಾನ ಒಬ್ರು ಇದ್ದೇ ಇರ್ತಾರೆ."

ಅರ್ಧ ಪಾಠ ಕೇಳಿ ಎದ್ದು ಹೋಗುವ ವಿದ್ಯಾರ್ಥಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೆ ಅವರ್ಯಾರೂ ನನಗೆ ಸಂಬಳ ಕೊಡುತ್ತಿರಲಿಲ್ಲ. ಎರಡನೇ ದಾರಿ ಕಿತ್ತುಹಾಕಿ, ಖಾಲಿ ಪಟ್ಟಿ ಸೇವ್ ಆಗದ ಹಾಗೆ ಮಾಡಿದೆ. ಅಷ್ಟಕ್ಕೇ ಮುಗಿಯಲಿಲ್ಲ. ಸುದ್ದಿ ಕಳಿಸಿದ ಮೇಲೆ ವೈದ್ಯರು ಒಪ್ಪಿಕೊಳ್ಳುವವರೆಗೂ "ಕಾಯುತ್ತಿದ್ದೇವೆ" ಎಂದು ತೋರಿಸುವ ಹಾಗೆ ಬರೆದಿದ್ದೆ. ಅದೂ ಅಪಶಕುನವಾಗಿ ಕಂಡಿತು. ಸುದ್ದಿ ತಲುಪಿತು ಅಂದ ಕೂಡಲೇ "ವೈದ್ಯರು ಹೊರಟಿದ್ದಾರೆ" ಎಂದು ಅವರ ನಂಬರಿನ ಸಮೇತ ತೋರಿಸಬೇಕು ಎಂದರು. ಜನಕ್ಕೆ ಧೈರ್ಯ ಬರುತ್ತದಂತೆ. ಮರುವಾರ ಡೈರಿಯ ಮುಂದೆ ದೊಡ್ಡದೊಂದು ಫ್ಲೆಕ್ಸ್ ಎದ್ದಿತು. ಮೇಲೆ "ಎಂದೂ ಖಾಲಿಯಿಲ್ಲದ ಸೇವೆ", ಎಡಗಡೆ ಯಜಮಾನರು ಕೈ ಮುಗಿದುಕೊಂಡು, ಬಲಗಡೆ ಯಾವುದೋ ಪರದೇಶದ ಹಸು. ಹಸುವಿಗಿಂತ ಯಜಮಾನರ ತಲೆ ದೊಡ್ಡದಾಗಿ ಬಂದಿತ್ತು.

ತಾಲ್ಲೂಕಿಗೊಬ್ಬರಂತೆ ಪಟ್ಟಿ ತುಂಬುವ ಆಪರೇಟರುಗಳಿದ್ದರು. ಅವರನ್ನೆಲ್ಲ ಅರಕಲಗೂಡಿನ ಹಾಲಿನ ಕೇಂದ್ರದಲ್ಲಿ ಸೇರಿಸಿ ಒಂದು ದಿನ ತರಬೇತಿ ಕೊಟ್ಟೆ. ಹೋಬಳಿ ಆರಿಸಿ, ಹೆಸರು ಹಾಕಿ, ಫೋನ್ ನಂಬರು ಹಾಕಿ, ಸೇವ್ ಒತ್ತಿ. ಕಾಲೇಜಿನಲ್ಲಿ ಕೊರೆದ ಅಭ್ಯಾಸ, ಬಿಡುತ್ತದೆಯೇ. ಬೋರ್ಡಿನ ಮೇಲೆ ಚೌಕ ಬರೆದು, ತುಂಬಿದ ಪಟ್ಟಿಯ ಲಕ್ಷಣಗಳನ್ನು ಬಣ್ಣದ ಪೆನ್ನಿನಲ್ಲಿ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ಹೊಳೆನರಸೀಪುರದ ಆಪರೇಟರು ಒಬ್ಬರೇ ಕೈಯೆತ್ತಿದ್ದು. ಮಧ್ಯವಯಸ್ಸಿನವರು, ಹಣೆಯಲ್ಲಿ ಅಚ್ಚುಕಟ್ಟಾದ ಕುಂಕುಮ.

"ಅಂದ್ರೆ ಮೇಡಂ, ಖಾಲಿ ಬುಟ್ರೆ ಸೇವ್ ಆಗಾಕಿಲ್ಲ."

"ಆಗಲ್ಲ. ಕಡೇಪಕ್ಷ ಒಬ್ಬರು ಇರಬೇಕು."

"ಒಬ್ರು ಇದ್ರೆ ಆಯ್ತದೆ."

"ಆಗುತ್ತೆ," ಎಂದೆ. ಇಷ್ಟು ಬೇಗ ಅರ್ಥ ಮಾಡಿಕೊಂಡರಲ್ಲ ಎಂದು ಖುಷಿಯೂ ಆಯಿತು.

ಪಟ್ಟಿಗಳೆಲ್ಲ ಬಂದವು. ಒಂದೂ ಖಾಲಿಯಿಲ್ಲ. ಕಟ್ಟಾಯ ತುಂಬಿದೆ, ಮಲ್ಲಿಪಟ್ಟಣ ತುಂಬಿದೆ, ಹಳೇಕೋಟೆ ತುಂಬಿದೆ. ಕಂಪೈಲರ್ ಚಕಾರ ಎತ್ತಲಿಲ್ಲ. ಯಾವ ಮೂಲೆಯಿಂದ ಹೇಗೆ ಎಳೆದಾಡಿದರೂ ಪ್ರೋಗ್ರಾಮು ಬೀಳಲಿಲ್ಲ. ಆಫೀಸಿನಲ್ಲಿ ನಾನು ಸ್ವಲ್ಪ ಎದೆಯೆತ್ತಿಕೊಂಡೇ ಓಡಾಡಿದೆ, ಸುಳ್ಳು ಯಾಕೆ ಹೇಳಲಿ. ಪಟ್ಟಿಯೊಳಗೆ ಯಾರ ಹೆಸರಿದೆ ಎಂದು ನೋಡುವುದು ನನ್ನ ಕೆಲಸವಾಗಿರಲಿಲ್ಲ. ಅದು ಡೈರಿಯವರಿಗೆ ಸೇರಿದ್ದು, ನಮಗೆ ಅದನ್ನು ತೆರೆದು ನೋಡುವ ಅನುಮತಿಯೂ ಇರಲಿಲ್ಲ.

ಆ ತಿಂಗಳು ಕಳೆಯುವುದರೊಳಗೆ ಯಜಮಾನರು ಚನ್ನರಾಯಪಟ್ಟಣದಲ್ಲಿ ಒಂದು ಪ್ರದರ್ಶನ ಇಟ್ಟುಕೊಂಡರು. ಇನ್ನೊಂದು ಡೈರಿಯವರಿಗೆ ಇದೇ ಆ್ಯಪ್ ಮಾರಬೇಕೆಂದು ಅವರ ಆಸೆ. ಜಾಗ ಅವರದೇ ಕಲ್ಯಾಣ ಮಂಟಪ. ಬೆಳಿಗ್ಗೆಯೇ ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲ ಆಗಿ, ಬಿಳಿ ಪಂಚೆ ಬಿಳಿ ಪ್ಯಾಂಟುಗಳ ಹಿರಿಯರು ಮುಂದಿನ ಕುರ್ಚಿಗಳಲ್ಲಿ ಆರಾಮವಾಗಿ ಕೂತಿದ್ದರು. ಧಾರೆ ಎರೆಯುವ ಜಾಗದಲ್ಲಿ ಪರದೆ ಕಟ್ಟಿ ಯಜಮಾನರ ಫೋನನ್ನೇ ಅದರ ಮೇಲೆ ದೊಡ್ಡದಾಗಿ ಬೀಳುವಂತೆ ಮಾಡಿದ್ದೆವು. ಫೋನಿನ ಸದ್ದೂ ಮಂಟಪದ ಸ್ಪೀಕರಿಗೇ ಸೇರಿತ್ತು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ.

"ಒತ್ತಿದ್ ಮ್ಯಾಕೆ ಮುಗೀತು," ಎಂದು ಯಜಮಾನರು ಮೈಕಿನಲ್ಲಿ ಹೇಳುತ್ತಿದ್ದರು. "ಡಾಕ್ಟ್ರ ಫೋನು ಬಡ್ಕಳ್ಳಲೇಬೇಕು. ಖಾಲಿ ಅನ್ನೋ ಮಾತೇ ಇಲ್ಲ ನಮ್ಮಲ್ಲಿ."

ಆಗ ಪರದೆಯ ಮೇಲೆ ಒಂದು ಸುದ್ದಿ ಬಂತು. "ತುರ್ತು. ಹಳೇಕೋಟೆ. ಚೊಚ್ಚಲ ಹಸು, ಕರುವಿನ ಒಂದು ಕಾಲು ಮಾತ್ರ ಹೊರಗೆ. ಎರಡನೇ ಸಲ ಕರೆ. ಕೂಡಲೇ ಹೊರಡಿ." ಯಜಮಾನರು ಅದನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದರು. "ದಿನಾ ಬತ್ತವೆ ಇಂಥವು, ಜಾಹೀರಾತು," ಎಂದು ಸಭೆಗೆ ಸಮಜಾಯಿಷಿಯನ್ನೂ ಕೊಟ್ಟರು.

ಅದು ವೈದ್ಯರಿಗೆ ಮಾತ್ರ ಹೋಗುವ ಸುದ್ದಿ. ಅದರ ಅಕ್ಷರ ಅಕ್ಷರವನ್ನೂ ಬರೆದವಳು ನಾನು. ಅದು ಈ ಫೋನಿಗೆ ಯಾಕೆ ಬಂತು ಎಂದು ಯೋಚಿಸುವಷ್ಟರಲ್ಲಿ ಫೋನು ರಿಂಗಾಯಿತು. ಗಿರಾಕಿಗಳ ಮುಂದೆ ಕರೆ ತೆಗೆದು ಮಾತಾಡುವುದು ಯಜಮಾನರಿಗೆ ಇಷ್ಟ. ತೆಗೆದರು.

"ಡಾಕ್ಟ್ರೇ, ಎಲ್ಲಿದ್ದೀರ ಸಾಮಿ? ಒಂಟು ಬೋ ಒತ್ತಾಯ್ತಲ್ಲ." ಮಂಟಪದ ಎಲ್ಲ ಮೂಲೆಯಿಂದಲೂ ಚಿಕ್ಕಮ್ಮನ ದನಿ.

"ಯಾವ ಡಾಕ್ಟ್ರಮ್ಮಾ? ರಾಂಗ್ ನಂಬರ್."

"ಇದ್ರಾಗೆ ನಿಮ್ದೇ ನಂಬ್ರ ಐತೆ ಕಣ ಸಾಮಿ. ಒಂಟವ್ರೆ ಅಂತ ಬೆಳಿಗ್ಗಿಂದ ತೋರುಸ್ತೈತೆ. ಅದು ಮಲಿಕ್ಕಂಬುಡ್ತು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಮುಂದಿನ ಸಾಲಿಗೂ ಬಂತು. ಯಜಮಾನರು ಕರೆ ಕತ್ತರಿಸಿ, ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ನಾನು ಲ್ಯಾಪ್‌ಟಾಪ್ ಕುರ್ಚಿಯ ಮೇಲಿಟ್ಟು ಹೊರಗೆ ಹೋಗಿ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ನೀನ್ಯಾಕ್ ಮಾಡ್ದೆ ಈಗ?" ಎಂದಳು. "ಲೈನ್ ಬುಡು. ಡಾಕ್ಟ್ರು ಮಾಡ್ತಾರೆ."

"ಅವರು ಡಾಕ್ಟ್ರಲ್ಲ ಚಿಕ್ಕಮ್ಮ. ಅವರು ನಮ್ಮ ಯಜಮಾನ್ರು."

ಆ ಕಡೆ ಹಸುವಿನ ನರಳಾಟ ಕೇಳುತ್ತಿತ್ತು. ಆಮೇಲೆ ಅವಳು ಕೇಳಿದ್ದು, "ಅವ್ರಿಗೆ ಬತ್ತದಾ, ಕರ ಎಳ್ಯಕ್ಕೆ?"

ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ, ಅಷ್ಟು ಬಂತು. ಹೊಳೆನರಸೀಪುರದ ಆಪರೇಟರಿಗೆ ಫೋನ್ ಮಾಡಿ, ಪಶು ಆಸ್ಪತ್ರೆಗೆ ಓಡಿ, ಯಾರಿದ್ದರೂ ಸರಿ ಕೂರಿಸಿಕೊಂಡು ಹಳೇಕೋಟೆಗೆ ಹೊರಡಿ ಎಂದೆ. ಅಷ್ಟರಲ್ಲಿ ಯಜಮಾನರೇ ಕಾರಿನ ಕೀಲಿ ಹಿಡಿದು ಹೊರಗೆ ಬಂದರು. ಹಸುವಿನ ಮೇಲಿನ ಕನಿಕರವೋ ಮಂಟಪದೊಳಗಿನ ನಗೆಯೋ, ಅವರನ್ನು ಹೊರಗೆ ಅಟ್ಟಿದ್ದು ಯಾವುದು ಎಂದು ನಾನು ಕೇಳಲಿಲ್ಲ. ಕಾರು ಹತ್ತಿದೆ.

ಹೊಳೆನರಸೀಪುರದ ರಸ್ತೆಯಲ್ಲಿ ಅರ್ಧ ದಾರಿ ಬಂದಿರಬೇಕು, ಆಪರೇಟರು ಫೋನ್ ಮಾಡಿದರು. ಆಸ್ಪತ್ರೆಯ ಡಾಕ್ಟರು ಬೇರೆ ಹಳ್ಳಿಗೆ ಹೋಗಿದ್ದರಂತೆ; ಅಲ್ಲಿಗೇ ಹೋಗಿ ಅವರನ್ನು ಹಿಡಿದು ಹಳೇಕೋಟೆಗೆ ಕಳಿಸಿದ್ದಾಯಿತು ಎಂದರು. ಆಮೇಲೆ ಕೇಳಿದೆ, ಯಜಮಾನರ ನಂಬರು ಪಟ್ಟಿಯೊಳಗೆ ಹೇಗೆ ಬಂತು ಎಂದು. ಫೋನು ಸ್ಪೀಕರಿನಲ್ಲಿತ್ತು. ಯಜಮಾನರು ರಸ್ತೆಯನ್ನೇ ನೋಡುತ್ತಿದ್ದರು.

"ಹಳೇಕೋಟೆಗೆ ಡಾಕ್ಟ್ರು ಇನ್ನೂ ಸಿಕ್ಕಿಲ್ಲ ಮೇಡಂ. ಖಾಲಿ ಬುಟ್ರೆ ಸೇವ್ ಆಗಾಕಿಲ್ವಲ್ಲ. ಎಂಗಿದ್ರೂ ಮೊದ್ಲ್ನೇ ಸಾಲು, ಶ್ರೀ ಅಂತ ಬರ್ದೆ."

"ಶ್ರೀ ಅಂತ?"

"ಊ ಮೇಡಂ. ಏನೇ ಬರುದ್ರೂ ಮೊದ್ಲು ದೇವ್ರುದ್ದು ಅಲ್ವಾ. ಆಮ್ಯಾಲೆ ಅದು ಫೋನ್ ನಂಬ್ರ ಕೇಳ್ತು. ದೇವ್ರುದ್ದು ನಂಬ್ರ ಎಲ್ಲಿಂದ ತರಾನ? ಯಜಮಾನ್ರಿಗೆ ಫೋನ್ ಮಾಡ್ದೆ. ನಂದಾಕ್ಲಾ ಅಂದ್ರು. ಶ್ರೀ ತೆಗ್ದು ಹೆಸ್ರೂ ಅವ್ರುದ್ದೇ ಹಾಕು ಅಂದ್ರು. ಬ್ಯಾರೆ ಹೋಬ್ಳಿಗೂ ಅಂಗೇ ಮಾಡ್ಸಿದ್ರು, ಕಟ್ಟಾಯಕ್ಕೂ, ಮಲ್ಲಿಪಟ್ಟಣಕ್ಕೂ. ಡಾಕ್ಟ್ರು ಇರೋ ಕಡೆನೂ ಮೊದ್ಲ್ನೇ ಸಾಲು ಅವ್ರುದ್ದೇ."

ದೇವರ ಜಾಗಕ್ಕೆ ಕೂರುವುದಕ್ಕೆ ಯಜಮಾನರಿಗೆ ಸಂಕೋಚವೇ ಆಗಲಿಲ್ಲ ಎಂಬುದು ನನಗೆ ಆಶ್ಚರ್ಯ ತರಲಿಲ್ಲ. ನನ್ನನ್ನು ಸುಟ್ಟದ್ದು ಬೇರೆ. ರಜೆಯಲ್ಲಿರುವವರನ್ನು ಆರಿಸಿ ತೆಗೆಯುವ ಫಂಕ್ಷನ್ ಬರೆದಿದ್ದೆನಲ್ಲ, ಅದು ನಿಜವಾದ ವೈದ್ಯರನ್ನೆಲ್ಲ ಒಬ್ಬೊಬ್ಬರಾಗಿ ತೆಗೆದರೂ ಇವರೊಬ್ಬರನ್ನು ತೆಗೆಯುವುದಿಲ್ಲ. ಇವರು ಎಂದೂ ರಜೆ ಹಾಕುವವರಲ್ಲ. ಯಾವ ಜರಡಿಯಿಂದಲೂ ಕೆಳಗೆ ಬೀಳದ ಒಂದು ಕಲ್ಲು. ಆ ಕಲ್ಲು ಇರುವ ತನಕ ನನ್ನ ಪಟ್ಟಿ ತುಂಬಿಯೇ ಇರುತ್ತದೆ, ಕಂಪೈಲರ್ ಸರಿ ಎನ್ನುತ್ತಲೇ ಇರುತ್ತದೆ, ಆ್ಯಪ್ ವೈದ್ಯರು ಹೊರಟಿದ್ದಾರೆ ಎನ್ನುತ್ತಲೇ ಇರುತ್ತದೆ.

"ಹಿಂದೆಯೂ ಇಂಥ ಸುದ್ದಿ ಬಂದಿದ್ವಾ ಸಾರ್?" ಎಂದೆ.

"ಬಂದಿದ್ವು ಅನ್ನುಸ್ತದೆ," ಎಂದರು. "ನಾನ್ ಎಲ್ಲಿ ನೋಡ್ತಾ ಕೂತ್ಕಳ್ಲಿ."

ಹಳೇಕೋಟೆಗೆ ಹೋದಾಗ ಡಾಕ್ಟರು ಆಗಲೇ ತೋಳಿನವರೆಗೂ ರಕ್ತ ಮಾಡಿಕೊಂಡು ಕೊಟ್ಟಿಗೆಯ ನೆಲದಲ್ಲಿ ಕೂತಿದ್ದರು. ಕರುವಿನ ತಲೆ ಒಳಗೆ ಹಿಂದಕ್ಕೆ ತಿರುಗಿಕೊಂಡಿತ್ತಂತೆ. ತಿರುಗಿಸಿ ಎಳೆದು ಹಾಕಿದ್ದರು. ಹೆಣ್ಣುಗರು. ತಾಯಿಯ ಹಾಗೇ ಕೆಂದ ಬಣ್ಣ. ಉಸಿರಿರಲಿಲ್ಲ. ಚಿಕ್ಕಮ್ಮ ಅದರ ಮೂಗು ಬಾಯಿ ಒರೆಸುತ್ತ, ಗೋಣಿಚೀಲದಲ್ಲಿ ಮೈ ಉಜ್ಜುತ್ತ ಕೂತಿದ್ದಳು. ಸಾಕು ಬಿಡಮ್ಮ ಎಂದು ಡಾಕ್ಟರು ಹೇಳಿದ ಮೇಲೂ ಉಜ್ಜುತ್ತಿದ್ದಳು.

"ತಾಯಿ ಉಳೀತದೆ," ಎಂದರು ಡಾಕ್ಟರು ಕೈ ತೊಳೆದುಕೊಳ್ಳುತ್ತ. "ಬೆಳಿಗ್ಗೆನೇ ಒಂದು ಫೋನ್ ಮಾಡಿದ್ರೆ ಎರಡೂ ಉಳೀತಿತ್ತು. ಯಾಕೆ ಇಷ್ಟು ಲೇಟ್ ಮಾಡಿದ್ರಿ?"

ಯಜಮಾನರು ಬಿಳಿ ಪ್ಯಾಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಸಗಣಿ ತಪ್ಪಿಸಿಕೊಂಡು ನಿಂತಿದ್ದರು. ಎಲ್ಲರೂ ತಮ್ಮತ್ತ ನೋಡಿದ್ದರಿಂದ ಏನಾದರೂ ಹೇಳಲೇಬೇಕಾಯಿತು. ನನ್ನ ಕಡೆ ತಿರುಗಿ, "ಪಟ್ಟಿ ಖಾಲಿ ಇರ್ಬಾರ್ದು ಅಂತ ಮಾಡಿದ್ದು ಇವ್ರೇ," ಎಂದರು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅದನ್ನು ಇಲ್ಲಿ ಬರೆಯುವಂತಿಲ್ಲ. ಕೊಟ್ಟಿಗೆಯಲ್ಲಿ ನಿಂತು ಒಬ್ಬ ಹಿರಿಯರಿಗೆ ಅಷ್ಟು ಅನ್ನಬಹುದು ಎಂದು ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೆಲಸ ಹೋಗುತ್ತದೆ ಎಂದುಕೊಂಡೇ ಆಫೀಸಿಗೆ ವಾಪಸು ಬಂದು, ಯಾರನ್ನೂ ಕೇಳದೆ, ಕಿತ್ತುಹಾಕಿದ್ದ ಆ ಎರಡನೇ ದಾರಿಯನ್ನು ಮತ್ತೆ ಸೇರಿಸಿದೆ. ವೈದ್ಯರಿಲ್ಲದಿದ್ದರೆ ಇಲ್ಲ. ಒಪ್ಪಿಕೊಳ್ಳದಿದ್ದರೆ ಹೊರಟಿಲ್ಲ. ವೈದ್ಯರ ನೋಂದಣಿ ಸಂಖ್ಯೆ ಕೊಡದವರ ಹೆಸರು, ಅದು ದೇವರದ್ದೇ ಆದರೂ, ಪಟ್ಟಿಗೆ ಸೇರದ ಹಾಗೆ ಮಾಡಿದೆ. ಆಪರೇಟರುಗಳಿಂದ ವೈದ್ಯರ ನೋಂದಣಿ ಸಂಖ್ಯೆಗಳನ್ನು ಹಾಕಿಸಿಕೊಂಡು, ಮೂರು ತಾಲ್ಲೂಕಿನ ಪಟ್ಟಿಗಳನ್ನೂ ಆ ಹೊಸ ಬಾಗಿಲಿನಿಂದ ಮತ್ತೆ ಹಾಯಿಸಿದಾಗ ಹೋಬಳಿಗೊಬ್ಬರಂತೆ ಯಜಮಾನರು ಉದುರಿದರು. ನೋಡುತ್ತ ಕೂತೆ. ಚೆನ್ನಾಗಿತ್ತು. ಕೆಲಸವೇನೂ ಹೋಗಲಿಲ್ಲ. ಆ ಕೋಡನ್ನು ಓದಬಲ್ಲವರು ಆ ಮಹಡಿಯಲ್ಲಿ ಬೇರೆ ಯಾರೂ ಇರಲಿಲ್ಲವಲ್ಲ.

ಒಂದು ವಾರ ಬಿಟ್ಟು ಯಜಮಾನರೇ, "ನಡಿಯಮ್ಮ, ಆ ತಾಯೀನ ನೋಡ್ಕೊಂಡ್ ಬರಾನ," ಎಂದರು. ದಾರಿಯಲ್ಲಿ ಬಾಳೆಹಣ್ಣು, ಬ್ರೆಡ್ಡು ಕಟ್ಟಿಸಿಕೊಂಡರು. ಬ್ರೆಡ್ಡು ಚಿಕ್ಕಮ್ಮನಿಗೋ ಹಸುವಿಗೋ ಗೊತ್ತಾಗಲಿಲ್ಲ. ಹಸು ಎದ್ದು ನಿಂತಿತ್ತು. ಹಾಲನ್ನೂ ಕೊಡುತ್ತಿತ್ತು, ಆ ಹಾಲು ಡೈರಿಗೆ ಹೋಗುತ್ತಿತ್ತು. ಯಾರೇ ಕೊಟ್ಟಿಗೆಯೊಳಗೆ ಕಾಲಿಟ್ಟರೂ ಅವರ ಹಿಂದೆ ಏನಾದರೂ ಬರುತ್ತಿದೆಯೋ ಎಂದು ಕತ್ತು ಚಾಚಿ ನೋಡುತ್ತಿತ್ತು.

ಚಿಕ್ಕಮ್ಮ ಯಜಮಾನರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಆ ಹಸುವಿನ ಹಾಲಿನದೇ ಕಾಫಿ ಕೊಟ್ಟಳು. ಒಂದೂ ಬಿರುಸು ಮಾತಾಡಲಿಲ್ಲ. ಅದು ಯಜಮಾನರಿಗೆ ಧೈರ್ಯ ಕೊಟ್ಟಿರಬೇಕು. ಇನ್ನೊಂದು ಒಳ್ಳೇ ಜಾತಿಯ ಕಡಸು ಕೊಡಿಸುತ್ತೇನೆ ಎಂದರು. ಆಮೇಲೆ ಲೋಟ ಕೆಳಗಿಟ್ಟು, ತಪ್ಪನ್ನು ಸ್ವಲ್ಪವಾದರೂ ಅವಳ ಕಡೆ ಸರಿಸಿ ನೋಡೋಣವೆಂಬಂತೆ ಕೇಳಿದರು.

"ಅದ್ಯಾಕ್ ತಾಯಿ, ಅಷ್ಟೊತ್ತು ಬ್ಯಾರೆ ಯಾರ್ನೂ ಕರೀನಿಲ್ಲ ನೀವು?"

"ಪಕ್ಕದ್ಮನೆಯವ್ನು ಬೈಕ್ ತಕ್ಕಂಡು ನಿಂತಿದ್ದ, ನರಸೀಪುರದಿಂದ ಕರ್ಕಬತ್ತೀನಿ ಅಂತ," ಎಂದಳು ಚಿಕ್ಕಮ್ಮ. "ನಾನೇ ಬ್ಯಾಡ ಅಂದೆ. ಡಾಕ್ಟ್ರು ಒಂಟವ್ರೆ ಅಂತ ಐತಲ್ಲ, ಬಂದಾಗ ಇಡ್ಕಳಕ್ಕೆ ಒಬ್ಬ ಗಂಡಸು ಬೇಕಾಯ್ತದೆ, ಇಲ್ಲೇ ಇರು ಅಂದೆ."

ಅವಳು ಎದ್ದು ಹೋಗಿ ಹಸುವಿನ ಕತ್ತಿನಡಿಯ ಗಂಗೆದೊಗಲು ಸವರತೊಡಗಿದಳು. ನಮ್ಮ ಕಡೆ ನೋಡದೆ ಹೇಳಿದಳು.

"ಅದು ನೋವು ತಿಂದು ತಿಂದು ನನ್ ಮಕನೇ ನೋಡ್ತಿತ್ತು ಕಣಪ್ಪ. ಬತ್ತಾವ್ರೆ ಕಣವ್ವ, ಇನ್ನೇನ್ ಬಂದ್ಬುಟ್ರು ಅಂತ ಹೇಳ್ತಾನೇ ಇದ್ದೆ. ನಾನ್ ಹೇಳಿದ್ದಲ್ವಾ, ಅದೂ ನಂಬ್ಕಂಡು ಸುಮ್ಕಿತ್ತು."